ಪಾಲಿನ ಮರಿ ನೋಡಲು ಬಂದ ಅಪ್ಪ

ಪಗಾರ ಹೆಚ್ಚು ಮಾಡಿ ಎಂದು ಕೇಳಲು ನಾಚುವ ಹೆಂಗಸು ನಾನಲ್ಲ. ಆದರೂ ಅಂದು ಕನ್ನಡಿಯ ಮುಂದೆ ನಿಂತು ಮಾತನ್ನು ಒಮ್ಮೆ ಹೇಳಿ ನೋಡಿಕೊಂಡೆ. ಮುಖ ಬಹಳ ಬಿಗಿಯಾದರೆ ಜಗಳಕ್ಕೆ ಬಂದಂತೆ ಕಾಣುತ್ತದೆ, ಬಹಳ ನಕ್ಕರೆ ಸಾಹೇಬರು ಅದನ್ನು ಚೇಷ್ಟೆ ಎಂದುಕೊಂಡು ಚಹಾ ಕುಡಿಸಿ ಕಳಿಸುತ್ತಾರೆ. ಎರಡರ ನಡುವಿನ ಒಂದು ಮುಖ ಹುಡುಕಿಕೊಂಡು ಕೆಲಸಕ್ಕೆ ಹೊರಟೆ.

ನಮ್ಮ ಕಂಪನಿ ಇರುವುದು ರಾಯಚೂರಿನಲ್ಲಿ, ಊರು ಮುಗಿಯುವ ಕಡೆಗೆ, ಒಂದು ತಗಡಿನ ಶೆಡ್ಡಿನಲ್ಲಿ. ಮಾನ್ವಿಯ ಗಿರಣಿಗಳಿಂದ ಸೋನಾ ಮಸೂರಿ ಅಕ್ಕಿ ತರಿಸುತ್ತೇವೆ, ಹಸನು ಮಾಡಿ ಸಣ್ಣ ಚೀಲಗಳಿಗೆ ತುಂಬುತ್ತೇವೆ, ಫೋನಿನಲ್ಲಿ ಕೇಳಿದವರ ಮನೆಗೆ ಮುಟ್ಟಿಸುತ್ತೇವೆ. ಆರ್ಡರ್ ಹಿಡಿಯುವುದು, ಯಾವ ಚೀಲ ಯಾರ ಮನೆಗೆ ಎಂದು ಹಚ್ಚಿಕೊಡುವುದು, ಅನ್ನ ಮುದ್ದೆಯಾಯಿತೆಂದು ಫೋನಿನಲ್ಲಿ ಕೂಗಾಡುವವರಿಗೆ ನೀರು ಎಷ್ಟಿಡಬೇಕೆಂದು ತಿಳಿಹೇಳುವುದು, ಇವೆಲ್ಲ ನನ್ನ ಕೆಲಸ. ನಾನು ಮಾಡುವ ಅನ್ನವೂ ಆಗಾಗ ಮುದ್ದೆಯಾಗುತ್ತದೆ, ಅದು ಗಿರಾಕಿಗಳಿಗೆ ಗೊತ್ತಿಲ್ಲ.

ಸಾಹೇಬರು ಅಂದರೆ ಮಾನ್ವಿಯ ಗಿರಣಿ ಮಾಲೀಕರೊಬ್ಬರ ಮಗ. ನನಗಿಂತ ಸಣ್ಣವರು. ಹಣೆಯ ಮೇಲೆ ವಿಭೂತಿ, ಕಿವಿಯಲ್ಲಿ ಸದಾ ಒಂದು ಇಯರ್‌ಫೋನು. ಅದರಲ್ಲಿ ದೊಡ್ಡ ಕಂಪನಿ ಕಟ್ಟಿದವರ ಭಾಷಣಗಳು ನಡೆದೇ ಇರುತ್ತವೆ. ಮನುಷ್ಯ ಒಳ್ಳೆಯವರು. ಒಂದೇ ತೊಂದರೆ ಎಂದರೆ, ಮುಂಜಾನೆ ಏನು ಕೇಳುತ್ತಾರೋ ಮಧ್ಯಾಹ್ನದ ಹೊತ್ತಿಗೆ ಅದನ್ನು ನಮ್ಮ ಮೇಲೆ ಮಾಡಿ ನೋಡುತ್ತಾರೆ. ಒಮ್ಮೆ ನಿಂತುಕೊಂಡು ಮೀಟಿಂಗ್ ಮಾಡಿದರೆ ಮಾತು ಬೇಗ ಮುಗಿಯುತ್ತದೆ ಎಂದು ಕೇಳಿ ಬಂದು ಎಲ್ಲರನ್ನೂ ನಿಲ್ಲಿಸಿ, ತಾವೇ ಊಟದ ಹೊತ್ತಿನವರೆಗೆ ಮಾತಾಡಿದ್ದರು.

ಯುಗಾದಿಗೆ ಪಗಾರ ಹೆಚ್ಚು ಮಾಡುತ್ತೇನೆ ಎಂದು ಅವರೇ ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ನಾನು ಒಂದು ಮನೆ ನೋಡಿ ಇಟ್ಟಿದ್ದೆ. ಎರಡು ಕೋಣೆ, ಹಿಂದೊಂದು ನಳ, ಮುಂದೆ ಕಾಲು ಚಾಚಿ ಕೂಡುವಷ್ಟು ಕಟ್ಟೆ. ಬಗಲಲ್ಲೇ ಒಂದು ಶಾಲೆ. ಮಗಳನ್ನು ಜೂನ್ ತಿಂಗಳಲ್ಲಿ ಅದೇ ಶಾಲೆಯ ಒಂದನೇ ತರಗತಿಗೆ ಹಾಕಿ, ನನ್ನ ಹತ್ತಿರ ಇಟ್ಟುಕೊಳ್ಳಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದ ವಿಚಾರ. ಅವಳು ಎರಡು ವರ್ಷದವಳಿದ್ದಾಗಿನಿಂದ ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ ನನ್ನ ಅಪ್ಪ ಅವ್ವನ ಕೂಡ ಇದ್ದಳು. ನಾನು ರಾಯಚೂರಿನ ಹೆಣ್ಣುಮಕ್ಕಳ ಪಿ.ಜಿ.ಯಲ್ಲಿ ಒಂದು ಮಂಚದ ಬಾಡಿಗೆ ಕೊಟ್ಟುಕೊಂಡು ಇದ್ದೆ. ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಗಂಡನ ಕೂಡ ನನ್ನ ಬಾಳುವೆ ಹೊಂದಲಿಲ್ಲ. ಅವರು ಈಗ ಬೇರೆ ಸಂಸಾರ ಮಾಡಿಕೊಂಡು ಸುಖವಾಗಿದ್ದಾರೆ, ಈ ಬರಹದಲ್ಲಿ ಅವರಿಗೆ ಇಷ್ಟೇ ಜಾಗ.

ಮನೆ ಮಾಲಕಿ ಪಾಪ ಒಳ್ಳೆಯವರು. ಬೇರೆಯವರು ಕೇಳಿಕೊಂಡು ಬಂದರೂ ತಿಂಗಳ ಕೊನೆಯವರೆಗೆ ನನಗಾಗಿ ಕಾಯುತ್ತೇನೆ ಎಂದಿದ್ದರು.

ಅಂದು ನಾನು ಬಾಯಿ ತೆಗೆಯುವ ಮೊದಲೇ ಸಾಹೇಬರು ಎಲ್ಲರನ್ನೂ ಕರೆದರು. ಮೇಜಿನ ಮೇಲೆ ಪೇಢೆಯ ಡಬ್ಬಿ. ಅದರ ಬಗಲಲ್ಲಿ ಚೌಕಟ್ಟು ಹಾಕಿಸಿದ ಹೊಳೆಯುವ ಹಾಳೆಗಳು, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು. ಸಾಹೇಬರ ಕಣ್ಣು ತುಂಬಿ ಬಂದಿದ್ದವು.

"ಇಲ್ಲಿ ಕೇಳ್ರಿ, ಈ ವರ್ಷ ಪಗಾರ ಹೆಚ್ಚು ಮಾಡೂದಿಲ್ಲ. ಅದಕ್ಕಿಂತ ದೊಡ್ಡದು ಕೊಡಾಕತ್ತೀನಿ. ಇವತ್ತಿಂದ ನೀವು ಬರೇ ಕೆಲಸದವ್ರಲ್ಲ, ಕಂಪನೀಗೆ ಪಾಲುದಾರ್ರು. ಸ್ಟಾಕ್ ಆಪ್ಷನ್ ಅಂತಾರ ಇದಕ್ಕ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಢೆ ಬಾಯಲ್ಲಿದ್ದುದರಿಂದ ನಾನೂ ತಟ್ಟಿದೆ. ನುಂಗಿದ ಮೇಲೆ ಕೇಳಿದೆ, "ಸರ್ರ, ಇದನ್ನ ಮನಿ ಬಾಡಿಗಿಗೆ ಕೊಡಾಕ ಬರ್ತದೇನ್ರಿ?"

"ಈಗ ಅಲ್ಲ ಅಕ್ಕಾರ. ನಾಲ್ಕು ವರ್ಷ ಕಾಯಬೇಕು. ಆಮ್ಯಾಲ ಇವತ್ತಿನ ರೇಟಿನಾಗ ಷೇರು ಕೊಂಡ್ಕೊಳ್ಳೋ ಹಕ್ಕು ನಿಮಗ ಬರ್ತದ."

"ಕೊಂಡ್ಕೋಬೇಕ್ರಿ? ಅಂದ್ರ ರೊಕ್ಕ ನಾವs ಕೊಡಬೇಕು?"

"ಹೌದು, ಆದ್ರ ಇವತ್ತಿನ ರೇಟು ಅಕ್ಕಾರ! ಆಗ ಕಂಪನಿ ಎಷ್ಟು ಬೆಳದಿರ್ತದ ವಿಚಾರ ಮಾಡ್ರಿ!"

ವಿಚಾರ ಮಾಡಿದೆ. ನಾಲ್ಕು ವರ್ಷಕ್ಕೆ ಕಂಪನಿ ಎಷ್ಟು ಬೆಳೆಯುತ್ತದೋ ಗೊತ್ತಿಲ್ಲ, ನನ್ನ ಮಗಳು ಎಷ್ಟು ಬೆಳೆದಿರುತ್ತಾಳೆ ಎಂಬುದು ಚೆನ್ನಾಗಿ ಗೊತ್ತಿತ್ತು. ಆದರೆ ಅಷ್ಟು ಸಂಭ್ರಮದಲ್ಲಿದ್ದ ಮನುಷ್ಯನಿಗೆ ಅಲ್ಲಿ ಎಲ್ಲರ ಮುಂದೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಚೌಕಟ್ಟು ಎತ್ತಿಕೊಂಡು ಬಂದು ಪಿ.ಜಿ.ಯ ಮಂಚದ ಕೆಳಗೆ ಸೇರಿಸಿದೆ.

ಭಾನುವಾರ ದೇವದುರ್ಗದ ಬಸ್ ಹಿಡಿದು ಊರಿಗೆ ಹೋದೆ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಹರೆಯದಲ್ಲಿ ಬೇರೆಯವರ ಹಿಂಡು ಕಾಯಲು ದುಡಿಮೆಗೆ ಇದ್ದವನು. ಹಾಗೆ ದುಡಿಯುವವನಿಗೆ ವರ್ಷದ ಜೋಳ, ಒಂದು ಕಂಬಳಿ, ಕಾಲಿಗೆ ಮೆಟ್ಟು ಕೊಟ್ಟು, ಕೆಲಸ ಮನಸ್ಸಿಗೆ ಬಂದರೆ ಮೇಲೊಂದು ಮರಿಯನ್ನೂ ಕೊಡುತ್ತಿದ್ದರು. ಆ ಮರಿಗೆ ಕರಿ ಉಣ್ಣೆಯ ದಾರ ಕಟ್ಟಿ ಇಂಥವನ ಪಾಲಿನದು ಎಂದು ಗುರುತು ಮಾಡುವುದು. ಅದು ಮಾಲೀಕರ ಹಿಂಡಿನಲ್ಲೇ ಬೆಳೆಯುತ್ತದೆ, ಅದರ ಮರಿಗಳೂ ಅವನವೇ. ಅವನ ಮನೆಯವರು ಯಾವಾಗ ಬೇಕಾದರೂ ಬಂದು ತಮ್ಮ ಮರಿ ನೋಡಬಹುದು, ನೋಡಲು ಬಂದವರಿಗೆ ಮಾಲೀಕರು ಉಣ್ಣಲು ಹಾಕಬೇಕು. ಇದೆಲ್ಲ ಚಿಕ್ಕಂದಿನಿಂದ ಕೇಳಿ ಗೊತ್ತಿದ್ದುದರಿಂದ, ಅಪ್ಪನಿಗೆ ಸ್ಟಾಕ್ ಆಪ್ಷನ್ ತಿಳಿಸಿ ಹೇಳಲು ನನಗೆ ಬೇರೆ ದಾರಿ ಕಾಣಲಿಲ್ಲ.

"ಪಗಾರ ಹೆಚ್ಚು ಮಾಡ್ಲಿಲ್ಲ ಯಪ್ಪಾ. ನಿನಗ ಮರಿ ಕೊಡ್ತಿದ್ದರಲ್ಲ, ಹಂಗ ಏನೋ ಕೊಟ್ಟಾರ" ಎಂದೆ.

ಅಪ್ಪ ಕೂತಲ್ಲಿಂದ ಎದ್ದೇ ಬಿಟ್ಟ. "ಮರಿ ಕೊಟ್ಟಾರ? ನೀ ಅಲ್ಲಿ ಸೇರಿ ಎಷ್ಟು ದಿನ ಆತು, ಇಷ್ಟು ಲಗೂ ಮರಿ ಕೊಟ್ಟಾರ?" ಎಂದು ಅವ್ವನನ್ನು ಕೂಗಿ, ಬಾಜೂ ಮನೆಯವರನ್ನೂ ಕೂಗಿ ಹೇಳಿದ. ನನ್ನ ಸಪ್ಪೆ ಮುಖ ಅವನಿಗೆ ಕಾಣಲೇ ಇಲ್ಲ.

ಮಗಳು ನನ್ನ ತೊಡೆಯ ಮೇಲೆ ಕೂತು ಕೇಳಿದಳು, "ಮನಿ ಸಿಕ್ತಾ ಯವ್ವಾ?"

"ಸಿಗ್ತದ" ಎಂದೆ.

"ಜೂನ್ ಯಾವಾಗ ಬರ್ತದ?"

"ಬರ್ತದ ಬಿಡಬೇ, ಎಲ್ಲಿ ಹೋಗ್ತದ" ಎಂದು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಾ ಕೂತೆ.

ಆ ವಾರವೇ ಒಂದು ಮುಂಜಾನೆ ಫೋನಿನಲ್ಲಿ ಗಿರಾಕಿಯೊಬ್ಬರ ಕೂಡ ಅನ್ನದ ಜಗಳ ನಡೆದಿತ್ತು. ಶೆಡ್ಡಿನ ಬಾಗಿಲಲ್ಲಿ ಗದ್ದಲ ಕೇಳಿ ತಿರುಗಿ ನೋಡಿದರೆ ಅಪ್ಪ! ತಲೆಗೆ ಹೊಸ ರುಮಾಲು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೇವರ ಭಂಡಾರದ, ಅಂದರೆ ಅರಿಶಿನದ ಚೀಲ. ಹಿಂದೆ ಅವ್ವ, ಅವ್ವನ ಸೆರಗು ಹಿಡಿದುಕೊಂಡು ನನ್ನ ಮಗಳು. ಮೂವರೂ ಮದುವೆಗೆ ಬಂದವರ ಹಾಗೆ ತಯಾರಾಗಿದ್ದರು. ನನ್ನ ಕೈಯಿಂದ ಫೋನು ಜಾರಿತು.

"ಶರಣ್ರೀ ಸಾವ್ಕಾರ್ರ" ಎಂದು ಅಪ್ಪ ಸಾಹೇಬರಿಗೆ ಕೈ ಮುಗಿದ. "ನಮ್ಮ ಹುಡುಗಿ ಪಾಲಿಂದು ನೋಡಿ ಹೋಗೂಣಂತ ಬಂದೀವ್ರಿ."

ಸಾಹೇಬರು ಇಯರ್‌ಫೋನು ತೆಗೆದರು. ನಾನು ನಡುವೆ ಬಂದು, ಕುರಿ, ಮರಿ, ದಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನಗಬಹುದು ಎಂದು ಹೆದರಿದ್ದೆ. ನಗಲಿಲ್ಲ. ಮನೆಗೆ ಬಂದ ಹಿರಿಯರನ್ನು ಹಾಗೇ ಕಳಿಸುವ ಪದ್ಧತಿ ಅವರ ಮಾನ್ವಿಯ ಮನೆಯಲ್ಲೂ ಇರಲಿಲ್ಲ. "ಬರ್ರಿ ಯಜಮಾನ್ರ, ಕೂಡ್ರಿ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟು, ಮಂಡಾಳ ಒಗ್ಗರಣೆ, ಮಿರ್ಚಿ ತರಿಸಿದರು. ಅಪ್ಪ ಮಿರ್ಚಿ ತಿನ್ನುತ್ತಾ ಶೆಡ್ಡನ್ನು ಒಂದು ಸುತ್ತು ಕಣ್ಣಲ್ಲೇ ಹಾಕಿ ಬಂದ. ಉಣ್ಣಲು ಹಾಕಿದ್ದಾರೆ, ಅಂದಮೇಲೆ ಮರಿ ಕೊಟ್ಟದ್ದು ಖರೆ ಎಂದು ಅವನಿಗೆ ಪೂರ್ತಿ ನಂಬಿಕೆ ಬಂದಂತಿತ್ತು.

"ಅಕೀದು ಯಾವ್ದರೀ?" ಎಂದ.

ಸಾಹೇಬರು ಬಹಳ ತಾಳ್ಮೆಯಿಂದ ವಿವರಿಸಿದರು. ಇಂಥದೇ ಎಂದು ತೋರಿಸಲು ಬರುವುದಿಲ್ಲ, ಇಡೀ ಕಂಪನಿಯಲ್ಲಿ ಒಂದು ಸಣ್ಣ ಭಾಗ, ಅದೂ ಇನ್ನೂ ನಾಲ್ಕು ವರ್ಷ ಕಳೆದ ಮೇಲೆ, ಅದೂ ಅಕ್ಕಾರು ಕೊಂಡುಕೊಂಡರೆ. ಅಪ್ಪ ತಲೆ ಅಲ್ಲಾಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡ.

"ಹಂಗಾದ್ರ ಕುರಿ ಇನ್ನಾ ಗಬ್ಬ ಆಗಿಲ್ಲ ಅನ್ರಿ" ಎಂದ.

ಶೆಡ್ಡು ಪೂರ್ತಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ. ನಕ್ಕ ಭರದಲ್ಲಿ ಅವರು ಚೀಲದ ಬಾಯಿ ಹೊಲಿಯುವ ಯಂತ್ರದ ಮೇಲೆ ಕೈಯಿಟ್ಟು, "ಆಗ್ಲಿ ಯಜಮಾನ್ರ, ಇದ ಅಕ್ಕಾರ್ದು ಅಂತ ತಿಳ್ಕೋರಿ. ದಿನಾ ನಡೆಯೋದು ಇದೊಂದs" ಎಂದರು.

ಅಷ್ಟು ಸಾಕಾಯಿತು. ಅಪ್ಪ ಎದ್ದು ಯಂತ್ರಕ್ಕೆ ಭಂಡಾರ ಹಚ್ಚಿದ. ಕಿಸೆಯಿಂದ ಕರಿ ಉಣ್ಣೆಯ ದಾರ ತೆಗೆದು ಅದರ ಹಿಡಿಕೆಗೆ ಗಟ್ಟಿಯಾಗಿ ಗಂಟು ಹಾಕಿದ. ಆಡು ಕುರಿ ಮುಟ್ಟಿ ನೋಡುವ ಹಾಗೆ ಅದರ ಬೆನ್ನು ಸವರಿ, "ಚಲೋ ಐತಿ, ಗಟ್ಟಿ ಐತಿ" ಎಂದ. ಅವ್ವ ಕೈ ಮುಗಿದಳು. ಮಗಳು ನನ್ನ ಕಡೆ ನೋಡಿ, ಎಂಥ ದೊಡ್ಡ ವಸ್ತು ನಮ್ಮದಾಯಿತಲ್ಲ ಎಂಬಂತೆ ಕಣ್ಣರಳಿಸಿದಳು. ಬಸ್ಸಿಗೆ ಬಿಡಲು ಹೋದಾಗ ಅವಳು ನನ್ನ ಬೆರಳು ಬಿಡಲಿಲ್ಲ, ಕಂಡಕ್ಟರ್ ಸೀಟಿ ಊದಿದ ಮೇಲೆ ಅವ್ವನೇ ಬಿಡಿಸಿಕೊಂಡಳು.

ಮರುದಿನ ನೋಡುತ್ತೇನೆ, ಅಕ್ಕಿ ಮುಟ್ಟಿಸುವ ಆಟೋದ ಕನ್ನಡಿಗೆ ಕೆಂಪು ದಾರ. ಅದರ ಡ್ರೈವರ್, ಇಪ್ಪತ್ತೈದರ ಆಸುಪಾಸಿನ ಹುಮ್ಮಸ್ಸಿನ ಆಳು, "ಅಕ್ಕಾರ, ನಿಮಗ ಮಿಷನ್ ಆದ್ರ ನನಗ ಆಟೋ" ಎಂದು ಘೋಷಣೆ ಮಾಡಿದ. ಯಾಪಲದಿನ್ನಿಯಿಂದ ದಿನಾ ಬಸ್ಸಿಗೆ ಬಂದು ಅಕ್ಕಿ ಹಸನು ಮಾಡುವ ದೊಡ್ಡಮ್ಮ ಒಬ್ಬರಿದ್ದರು. ಅವರು ಅವನನ್ನೇ ಸ್ಟೂಲು ಹತ್ತಿಸಿ ಗೋಡೆಯ ಫ್ಯಾನಿಗೆ ಹಸಿರು ದಾರ ಕಟ್ಟಿಸಿದರು. "ಫ್ಯಾನ್ ನಂದು. ಇನ್ನ ಯಾರೂ ತಮ್ಮ ಕಡೀಗೆ ತಿರುಗಿಸಂಗಿಲ್ಲ" ಎಂದರು. ಲೆಕ್ಕ ಬರೆಯುವವರು ಏನೂ ಬೇಡ ಎನ್ನುತ್ತಲೇ ಸಾಹೇಬರ ಕೋಣೆಯ ಎ.ಸಿ. ರಿಮೋಟಿಗೆ ರಬ್ಬರ್ ಬ್ಯಾಂಡು ಸುತ್ತಿಟ್ಟುಕೊಂಡರು.

ಕೆಲವು ದಿನ ಇದೇ ಮೋಜು. ಫ್ಯಾನಿನ ಗಾಳಿ ಬೇಕಾದವರು ದೊಡ್ಡಮ್ಮನಿಗೆ ಎಲೆ ಅಡಿಕೆ ಕೊಡಬೇಕು. ಬೇರೆ ಯಾರಾದರೂ ಆಟೋ ಮುಟ್ಟಿದರೆ ಡ್ರೈವರ್ ಬಾಡಿಗೆ ಕೇಳುತ್ತಾನೆ. ಸಾಹೇಬರು ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. "ಇದs ನೋಡ್ರಿ ಮಾಲೀಕರ ಮನೋಭಾವ! ಭಾಷಣದಾಗ ಇದನ್ನs ಹೇಳ್ತಾರ" ಎಂದು ಕುಣಿದಾಡಿದರು. ನಾನೂ ನಕ್ಕೆ. ಆದರೆ ತಿಂಗಳು ಮುಗಿಯುತ್ತಾ ಬಂದಿತ್ತು. ಮನೆ ಮಾಲಕಿ ಎರಡು ಸಲ ಫೋನು ಮಾಡಿ, ಶನಿವಾರದೊಳಗೆ ಏನಾದರೂ ಒಂದು ಹೇಳಿಬಿಡವ್ವಾ ಎಂದಿದ್ದರು.

ಶುಕ್ರವಾರ ಹೊಲಿಯುವ ಯಂತ್ರದ ಸೂಜಿ ಮುರಿದು, ಒಳಗೆ ಏನೋ ಸಿಕ್ಕಿಕೊಂಡು ನಿಂತುಬಿಟ್ಟಿತು. ಸಾಹೇಬರು ಚೇಷ್ಟೆಯ ದನಿಯಲ್ಲಿ, "ಅಕ್ಕಾರ, ನಿಮ್ಮ ಮರಿಗೆ ಜಡ್ಡು ಬಂದದ. ರಿಪೇರಿ ಖರ್ಚು ನಿಮ್ದs ಮತ್ತ!" ಎಂದರು.

ಅಪ್ಪನ ಜೊತೆಗಾರರು ಕಟ್ಟೆಗೆ ಕೂತಾಗ ಒಂದು ಮಾತು ಹೇಳಿ ನಗುತ್ತಿದ್ದರು. ನೂರು ಕುರಿಯ ಹಿಂಡಿಗೆ ತೋಳ ಬಿದ್ದರೂ ಅದು ಹುಡುಕಿ ಹುಡುಕಿ ಹೊತ್ತೊಯ್ಯುವುದು ಕಾಯುವವನ ಪಾಲಿನ ಮರಿಯನ್ನೇ ಅಂತೆ. ಚಿಕ್ಕವಳಿದ್ದಾಗ ಆ ತೋಳಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನಾನು ನಿಜವಾಗಿ ತಲೆ ಕೆಡಿಸಿಕೊಂಡಿದ್ದೆ. ಅಂದು ಸಾಹೇಬರ ಮಾತು ಕೇಳಿದಾಗ ಅದು ನೆನಪಾಯಿತು, ನಗು ಮಾತ್ರ ಬರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಸರ್ರ, ಒಂದು ಮಾತು ಕೇಳ್ತೀನಿ. ಕಂಪನ್ಯಾಗ ದೊಡ್ಡ ಪಾಲು ಯಾರ್ದ್ರಿ?"

"ನಂದು."

"ಮತ್ತ ತಿಂಗಳಾ ತಿಂಗಳಾ ನೀವೂ ಪಗಾರ ತಗೊಂತೀರಲ್ರಿ, ಯಾಕ?"

"ಅಲ್ಲ ಅಕ್ಕಾರ, ಮನಿ ನಡೀಬೇಕಲ್ಲ..." ಎಂದವರು ಅಲ್ಲಿಗೇ ನಿಂತರು.

"ನನಗೂ ಒಂದು ಮನಿ ಅದ ರೀ. ಇನ್ನಾ ಬಾಡಿಗಿ ಹಿಡಿದಿಲ್ಲ, ಆದ್ರೂ ಅದ. ನಾಳಿ ಹೂಂ ಅಂದ್ರ ನನ್ನ ಮಗಳು ನನ್ನ ಹಂತ್ಯಾಕ ಬರ್ತಾಳ. ಇಲ್ಲಾಂದ್ರ ಇನ್ನೊಂದು ವರ್ಷ ಇಲ್ಲ. ನಮ್ಮಪ್ಪಗ ಮರಿ ಕೊಟ್ಟವ್ರು ಜೋಳ ನಿಲ್ಲಿಸಿರಲಿಲ್ಲ. ನೀವು ಮರಿ ತೋರಿಸಿ ಜೋಳ ಉಳಿಸಾಕತ್ತೀರಿ."

ದನಿ ಏರಿತ್ತು. ಫ್ಯಾನಿನ ಕೆಳಗೆ ದೊಡ್ಡಮ್ಮನ ಮೊರ ನಿಂತಿತ್ತು. ಸಾಹೇಬರ ಮುಖ ಸಣ್ಣದಾಯಿತು.

"ನಾನು ನಿಮ್ಮನ್ನೆಲ್ಲಾ ಮನಿ ಮಂದಿ ಅಂತ ತಿಳ್ಕೊಂಡು ಕೊಟ್ಟಿದ್ದೆ ಅಕ್ಕಾರ" ಎಂದರು.

"ಮನಿ ಮಂದೀಗೆ ಮೊದಲ ಊಟಕ್ಕ ಹಾಕ್ತಾರ್ರಿ" ಎಂದು ಹೇಳಿ ನನ್ನ ಜಾಗಕ್ಕೆ ಹೋಗಿ ಕೂತೆ. ಕೆಲಸ ಹೋಯಿತು, ಪಗಾರವೂ ಇಲ್ಲ, ಮರಿಯೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಗಿರಾಕಿ ಫೋನು ಮಾಡಿ ಅನ್ನ ಮುದ್ದೆಯಾಯಿತು ಎಂದರು. ನಿಮಗೆ ಅನ್ನ ಮಾಡಲು ಬರುವುದಿಲ್ಲ ಎಂದು ಅವರಿಗೆ ನೇರವಾಗಿಯೇ ಹೇಳಿಬಿಟ್ಟೆ.

ಶನಿವಾರ ಮುಂಜಾನೆ ಸಾಹೇಬರು ಇಯರ್‌ಫೋನು ಇಲ್ಲದೆ ಬಂದರು. ಎಲ್ಲರನ್ನೂ ಕೂಡ್ರಿಸಿ, ಚುಟುಕಾಗಿ ಮಾತಾಡಿದರು. ಚೀಲಕ್ಕೆ ಹೊಸ ಬಣ್ಣದ ಅಚ್ಚು ಹಾಕಿಸಲು ತೆಗೆದಿಟ್ಟ ಹಣವಿದೆ, ಆ ಅಚ್ಚು ಮುಂದಿನ ವರ್ಷಕ್ಕೆ ಹೋಗಲಿ. ಪಗಾರ ಬೇಕೆನ್ನುವವರಿಗೆ ಈ ತಿಂಗಳಿನಿಂದಲೇ ಹೆಚ್ಚು ಮಾಡುತ್ತೇನೆ. ಪಾಲು ಬೇಕೆನ್ನುವವರು ಪಾಲು ಇಟ್ಟುಕೊಳ್ಳಲಿ. ಎರಡನ್ನೂ ಕೊಡುವಷ್ಟು ಶಕ್ತಿ ನನಗೆ ಈಗ ಇಲ್ಲ, ಖರೆ ಹೇಳುತ್ತಿದ್ದೇನೆ. ಇಷ್ಟು ಹೇಳಿ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಾಗಿರಲಿಲ್ಲ. ಅವರ ಮೇಲೆ ನನಗೆ ಅಂದು ಬಹಳ ಗೌರವ ಬಂತು. ತಾವು ತಪ್ಪಿದ್ದು ಗೊತ್ತಾದ ಮರುದಿನವೇ ಅದನ್ನು ತಿದ್ದಿದ ದೊಡ್ಡವರನ್ನು ನಾನು ಹೆಚ್ಚು ಕಂಡಿಲ್ಲ.

ಡ್ರೈವರ್ ಪಾಲನ್ನೇ ಇಟ್ಟುಕೊಂಡ. ಅಪ್ಪನ ಮನೆ, ಅವ್ವನ ಅಡುಗೆ, ಮದುವೆ ಇನ್ನೂ ಇಲ್ಲ, ಅವನಿಗೆ ಕಾಯಲು ಏನು ಕಷ್ಟ? ಅವನ ಮಟ್ಟಿಗೆ ಅದೇ ಸರಿ. ದೊಡ್ಡಮ್ಮ ಪಗಾರ ಕೇಳಿದರು, ಫ್ಯಾನಿನ ದಾರ ಮಾತ್ರ ಬಿಚ್ಚಬಾರದು ಎಂದು ಷರತ್ತು ಹಾಕಿದರು. ನನ್ನ ಸರದಿ ಬಂತು. ಸುಳ್ಳೇಕೆ ಹೇಳಲಿ, ಆಸೆ ನನಗೂ ಇತ್ತು. ಆ ಕಂಪನಿ ನಾಲ್ಕು ಚೀಲದಿಂದ ಬೆಳೆಯುವುದನ್ನು ಕಣ್ಣಾರೆ ಕಂಡವಳು ನಾನು. ಮುಂದೊಂದು ದಿನ ಅದು ದೊಡ್ಡದಾದರೆ ನನ್ನದೂ ಒಂದು ಚೂರು ಅದರಲ್ಲಿ ಇರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ಆದರೂ ಪಗಾರ ಎಂದೆ. ಅಲ್ಲೇ ನಿಂತು ಮನೆ ಮಾಲಕಿಗೆ ಫೋನು ಹಚ್ಚಿದೆ.

ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವನು ನಮ್ಮಪ್ಪ. "ಕೊಟ್ಟ ಮರಿ ಯಾರರ ಬಿಡ್ತಾರೇನಬೇ? ದಾರಾ ಕಟ್ಟಿ ಬಂದಿದ್ದೆ!" ಎಂದು ಫೋನಿನಲ್ಲಿ ಬೈದ. ಹಿಂದಿನಿಂದ ಅವ್ವ, "ಮರಿ ಕಟ್ಗೊಂಡು ಏನ್ ಮಾಡ್ತಿ, ಮಗಳನ್ನ ಕರ್ಕೊಂಡ್ ಹೋಗ್ಲಿ ಬಿಡು" ಎಂದದ್ದು ಕೇಳಿಸಿತು. ಅಪ್ಪ ಇವತ್ತಿಗೂ ಒಪ್ಪಿಲ್ಲ. ಊರಿಗೆ ಹೋದಾಗಲೆಲ್ಲ ಆ ಮಿಷನ್ ಹೆಂಗದ ಎಂದು ವಿಚಾರಿಸುತ್ತಾನೆ. ಚೆನ್ನಾಗಿದೆ ಎಂದರೆ ನಿಟ್ಟುಸಿರು ಬಿಡುತ್ತಾನೆ.

ಡ್ರೈವರ್ ಕೂಡ ಆಗಾಗ ಕಾಡುತ್ತಾನೆ. "ನಾ ಲಕ್ಷಾಧೀಶ ಆದ ದಿನ ನಿಮಗ ಮಿರ್ಚಿ ತಿನ್ನಿಸ್ತೀನ್ರಿ ಅಕ್ಕಾರ" ಎನ್ನುತ್ತಾನೆ. ಆಗಲಿ, ತಿನ್ನಿಸಲಿ. ಅವನ ನಾಲ್ಕು ವರ್ಷ ಇನ್ನೂ ಮುಗಿದಿಲ್ಲ. ಮುಗಿದ ದಿನ ಅವನದು ದೊಡ್ಡ ಗಂಟಾದರೆ ನಾನು ಹೊಟ್ಟೆಕಿಚ್ಚು ಪಡುತ್ತೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಜೂನ್ ಬರುವ ಮೊದಲೇ ಮಗಳು ಬಂದಳು. ಶಾಲೆಗೆ ಹೆಸರು ಹಚ್ಚುವುದು, ಹೊಸ ಚೀಲ, ಬಗಲ ಮನೆಯ ಗೆಳತಿ, ನಳದ ನೀರಿನ ಆಟ, ಒಂದು ವಾರ ಹೇಗೆ ಹೋಯಿತೋ ತಿಳಿಯಲಿಲ್ಲ. ಮೊದಲ ಭಾನುವಾರ ಸಂಜೆ ನಾನು ಕಟ್ಟೆಯ ಮೇಲೆ ಕೂತು ಹೀರೇಕಾಯಿ ಹೆಚ್ಚುತ್ತಿದ್ದೆ. ಅವಳು ಒಳಗಿನಿಂದ ನನ್ನ ಚಪ್ಪಲಿ ಎರಡನ್ನೂ ಎತ್ತಿಕೊಂಡು ಬಂದು ಹೊಸ್ತಿಲ ಆಚೆ ಜೋಡಿಸಿ ಇಟ್ಟಳು. ಆಮೇಲೆ ನನ್ನ ಕೈಚೀಲ ತಂದು ಬಗಲಲ್ಲಿ ಇಟ್ಟಳು.

"ಎಲ್ಲಿಗಬೇ?" ಎಂದೆ.

"ಬಸ್ಸಿನ ಟೈಮ್ ಆತಲ್ಲ ಯವ್ವಾ" ಎಂದಳು. ಅಳು ಇಲ್ಲ, ಹಟ ಇಲ್ಲ. ಊರಿನಲ್ಲಿ ಪ್ರತಿ ಭಾನುವಾರ ಅವಳು ಮಾಡುತ್ತಿದ್ದ ಕೆಲಸ ಅದು.

ಹೀರೇಕಾಯಿ ಬದಿಗಿಟ್ಟೆ. "ಇನ್ನ ಬಸ್ಸಿಲ್ಲ. ನಾ ಇರೂದು ಇಲ್ಲೇ" ಎಂದೆ.

"ನಾಳಿ?"

"ನಾಳಿನೂ. ಮುಂಜಾನಿ ಕೆಲಸಕ್ಕ ಹೋಗಿ ಸಂಜೀಕ ಬರ್ತೀನಿ."

ಅವಳು ನನ್ನ ಮುಖವನ್ನು ಚೆನ್ನಾಗಿ ನೋಡಿದಳು. ಚಪ್ಪಲಿಗಳನ್ನು ಎದೆಗವಚಿಕೊಂಡು ಒಳಗೆ ಹೋದಳು. ಬರುವಾಗ ಕೈ ಖಾಲಿ ಇದ್ದವು. ಎಲ್ಲಿಟ್ಟಿ ಎಂದು ಕೇಳಿದರೆ ಬಾಯಿ ಮುಚ್ಚಿಕೊಂಡು ನಕ್ಕಳೇ ಹೊರತು ಹೇಳಲಿಲ್ಲ. ಸೋಮವಾರ ಮುಂಜಾನೆ ಮನೆಯೆಲ್ಲ ತಡಕಾಡಿದರೂ ಸಿಗದೆ, ಮನೆ ಮಾಲಕಿಯ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದೆ.